ಶನಿವಾರದ ಅಳತೆ

ಆ ಯಂತ್ರ ಒಂದು ದಿನವೂ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆ ಆಸ್ಪತ್ರೆಯಲ್ಲಿ ಈಗಲೂ ಕೆಲವರು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಿ ಹಾಯಾಗಿ ಟೀ ಕುಡಿಯುತ್ತಿದ್ದಾರೆ. ಯಂತ್ರ ತನಗೆ ಕಂಡದ್ದನ್ನು ಕಂಡ ಹಾಗೆ ಹೇಳಿತು, ವಾರಾವಾರ ಹೇಳಿತು. ಕೇಳಿಸಿಕೊಳ್ಳಬೇಕಾಗಿದ್ದವಳು ನಾಡಿ ಮೇಡಂ. ಕೇಳಿಸಿಕೊಂಡಿದ್ದರೆ ಅವಳ ಗಂಡ ಇವತ್ತು ಬದುಕಿರುತ್ತಿದ್ದನೋ ಏನೋ. ಆದರೆ ಆಗ ಅವಳಿಗೆ ಬೇರೆಯದೇ ಚಿಂತೆ ಹತ್ತಿಕೊಂಡಿತ್ತು.

ನಾಡಿ ಮೇಡಂ ಅನ್ನುವುದು ರೋಗಿಗಳು ಇಟ್ಟ ಹೆಸರು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಟೆಕ್ನಿಷಿಯನ್. ಹತ್ತೊಂಬತ್ತು ವರ್ಷ ಇಸಿಜಿ ತೆಗೆದಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಪಟ್ಟಿಯನ್ನೂ “ಸರಿಯಾಗಿ ಬಂದಿಲ್ಲ, ಮತ್ತೆ ತೆಗೀರಿ” ಎಂದು ಯಾವ ಡಾಕ್ಟರೂ ವಾಪಸು ಕಳಿಸಿರಲಿಲ್ಲ. ಈ ಸಂಗತಿಯನ್ನು ಅವಳು ದಿನಕ್ಕೊಮ್ಮೆಯಾದರೂ ಯಾರ ಕಿವಿಗಾದರೂ ಹಾಕುತ್ತಿದ್ದಳು. ಒಡವೆಯ ಆಸೆ ಇಲ್ಲ, ಸಿನಿಮಾದ ಹುಚ್ಚಿಲ್ಲ, ಪಕ್ಕದ ಮನೆಯ ಸುದ್ದಿ ಬೇಕಿಲ್ಲ. ತನ್ನ ಕೈಯ ಬಗ್ಗೆ ಮಾತ್ರ ಹೇಳತೀರದ ಜಂಬ. ಐದು ವರ್ಷದ ಹಿಂದೆ ಹೃದಯ ವಿಭಾಗಕ್ಕೆ ಹೊಸ ಯಂತ್ರ ಬಂದಾಗ ದೊಡ್ಡ ಡಾಕ್ಟರು, “ಇದಕ್ಕೆ ಆ ಕೈಯೇ ಆಗಬೇಕು,” ಎಂದರು. ಆ ದಿನ ಅವಳು ಬಸ್ಸು ಹತ್ತುವುದನ್ನೂ ಮರೆತು ಮನೆಯವರೆಗೂ ನಡೆದುಕೊಂಡೇ ಹೋದಳಂತೆ.

ಯಂತ್ರದ ಕೆಲಸ ಕೇಳಿದರೆ ಸುಲಭ. ಹೃದಯ ಒಂದು ಸಲ ಬಡಿದರೆ ರಕ್ತನಾಳದಲ್ಲಿ ಒಂದು ಅಲೆ ಹೊರಡುತ್ತದೆ. ನಾಳ ಮೆತ್ತಗಿದ್ದರೆ ಅಲೆ ಸಾವಕಾಶವಾಗಿ ಹೋಗುತ್ತದೆ. ನಾಳ ಗಡುಸಾದಷ್ಟೂ ಅಲೆ ಓಡುತ್ತದೆ. ಕತ್ತಿನ ಹತ್ತಿರ ಒಂದು ಪೆನ್ನಿನಂಥ ಸಾಧನ ಹಿಡಿಯಬೇಕು, ತೊಡೆಗೆ ಒಂದು ಪಟ್ಟಿ ಸುತ್ತಬೇಕು. ಅಲೆ ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಯಂತ್ರ ನೋಡಿಕೊಳ್ಳುತ್ತದೆ. ಎಷ್ಟು ದೂರ ಅನ್ನುವುದನ್ನು ಮನುಷ್ಯರೇ ಟೇಪ್ ಹಿಡಿದು ಅಳೆದು ಹೇಳಬೇಕು. ಹಾಗೆ ಅಳೆದ ದೂರದಲ್ಲಿ ಐದರಲ್ಲೊಂದು ಪಾಲು ಕಳೆಯಬೇಕು, ಯಾಕೆಂದರೆ ಮೈಮೇಲಿನ ದಾರಿಯೂ ಒಳಗಿನ ದಾರಿಯೂ ಒಂದೇ ಅಲ್ಲ. ಆ ಲೆಕ್ಕವನ್ನು ಅವಳು ಬಾಯಲ್ಲೇ ಹಾಕಿ, ಕಳೆದು ಉಳಿದದ್ದನ್ನು ಯಂತ್ರಕ್ಕೆ ಕೊಡುತ್ತಿದ್ದಳು. ಕೊನೆಗೆ ಬರುವ ಸಂಖ್ಯೆ ಹತ್ತು ದಾಟಿದರೆ ಫೈಲಿನ ಮೇಲೆ ಕೆಂಪು ಗುರುತು. ಎದೆನೋವು ಬರುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಈ ಸಂಖ್ಯೆ ಕೂಗಿ ಹೇಳುತ್ತದೆ ಎಂದು ದೊಡ್ಡ ಡಾಕ್ಟರು ನಂಬಿದ್ದರು. ಸಕ್ಕರೆ ಕಾಯಿಲೆಯವರು, ಬಿಪಿಯವರು, ಮೂತ್ರಪಿಂಡ ಸೋತವರು, ಹೀಗೆ ಅಪಾಯದ ಅಂಚಿನಲ್ಲಿ ಇದ್ದವರನ್ನೆಲ್ಲ ಅವಳ ಕೋಣೆಗೆ ಅಟ್ಟುತ್ತಿದ್ದರು.

ಕೋಣೆ ಎಂದರೆ ಎಕ್ಸ್‌ರೇಗೂ ಔಷಧಿ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಒಂದು ಇಕ್ಕಟ್ಟು. ಒಂದು ಮಂಚ, ಒಂದು ಸ್ಟೂಲು, ಗೋಡೆಗೆ “ಮಾತಾಡಬೇಡಿ, ನಿದ್ದೆ ಮಾಡಬೇಡಿ” ಎಂಬ ಬೋರ್ಡು. ಮಲಗಿಸಿ ಮಾತಾಡಬೇಡ ಅಂದರೆ ಯಾರಿಗಾದರೂ ನಿದ್ದೆ ಬರದೆ ಏನು? ಗೊರಕೆ ಶುರುವಾದ ಕೂಡಲೇ ಅವಳು ಸ್ಟೂಲನ್ನು ಕರ್ರ್ ಎಂದು ಎಳೆಯುತ್ತಿದ್ದಳು. ದಪ್ಪ ಹೊಟ್ಟೆಯವರಿಗೆ ಟೇಪು ಹೊಟ್ಟೆಯ ಮೇಲೇರಿ ಇಳಿಯದಂತೆ ಗಾಳಿಯಲ್ಲೇ ನೇರವಾಗಿ ಹಿಡಿಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ.

ಈ ಟೇಪು ಕೊಟ್ಟವನು ಗಂಡ. ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ, ಹೊಲಿಗೆ ಕೋಣೆಯ ಟೈಲರ್. ಹರಿದ ಹಾಸಿಗೆ ಬಟ್ಟೆಗೆ ತೇಪೆ, ಆಪರೇಷನ್ ಗೌನಿಗೆ ಹೊಸ ದಾರ, ಇದೇ ಅವನ ದಿನ. “ಈ ಆಸ್ಪತ್ರೇಲಿ ಹೊಲಿಗೆ ಹಾಕೋರು ಇಬ್ಬರೇ, ನಾನು ಮತ್ತೆ ಸರ್ಜನ್ನು. ನನ್ನ ಗಿರಾಕಿ ಮಾತ್ರ ಕಿರುಚಲ್ಲ,” ಎನ್ನುವುದು ಅವನ ಹಳೇ ಜೋಕು, ಎಲ್ಲರೂ ನೂರು ಸಲ ಕೇಳಿದ್ದರೂ ಅವನ ಮುಖ ನೋಡಿ ನಗುತ್ತಿದ್ದರು. ಕಡ್ಡಿಯಂಥ ಆಳು, ಹೊಟ್ಟೆ ಅನ್ನುವುದು ಹೆಸರಿಗೆ. ಸಿಗರೇಟಿಲ್ಲ, ಕುಡಿತವಿಲ್ಲ. ಟೀಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುವುದೊಂದೇ ಅವನ ದುಶ್ಚಟ ಎಂದು ಅವಳು ಹೇಳುತ್ತಿದ್ದಳು.

ಯಂತ್ರ ಕೂರಿಸಿ ಕಲಿಸಿಕೊಡಲು ಬಂದವನು ಹೋಗುವಾಗ ಒಂದು ಹಾಳೆ ಕೊಟ್ಟುಹೋಗಿದ್ದ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಬ್ಬನೇ ಆರೋಗ್ಯವಂತನನ್ನು ಮಲಗಿಸಿ ಅಳೆಯಬೇಕು. ಅವನ ಸಂಖ್ಯೆ ಬದಲಾದರೆ ಯಂತ್ರದಲ್ಲೋ ಕೈಯಲ್ಲೋ ದೋಷವಿದೆ ಎಂದು ತಿಳಿಯಬೇಕು. ಮಾತು ಸರಿಯಾಗಿಯೇ ಇತ್ತು. ಆ ಆರೋಗ್ಯವಂತನನ್ನು ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬ ಒಂದು ಸಾಲು ಮಾತ್ರ ಅದರಲ್ಲಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಹೀಗಾಗಿ ಪ್ರತಿ ಶನಿವಾರ ಬೆಳಗ್ಗೆ ಎಂಟಕ್ಕೆ, ರೋಗಿಗಳು ಬರುವ ಮೊದಲು, ಟೈಲರ್ ಮೇಲೆ ಬಂದು ಮಂಚದ ಮೇಲೆ ಕಾಲು ಚಾಚುತ್ತಿದ್ದ.

“ಮನೇಲಿ ಹತ್ತು ನಿಮಿಷ ಸುಮ್ಮನೆ ಮಲಗಿದ್ರೆ ಎಬ್ಬಿಸ್ತೀಯ, ಇಲ್ಲಿ ಮಲಗಿಸ್ತೀಯ,” ಎನ್ನುತ್ತಿದ್ದ.

“ಮಾತಾಡಬೇಡಿ ಅಂತ ಬೋರ್ಡಿದೆ, ಓದಕ್ಕೆ ಬರಲ್ವೇನ್ರೀ?”

“ಇಪ್ಪತ್ತಾರು ವರ್ಷದಿಂದ ಆ ಬೋರ್ಡೇ ತಾನೇ ಓದ್ತಿರೋದು.”

ಮೊದಲ ವರ್ಷವೆಲ್ಲ ಅವನ ಸಂಖ್ಯೆ ಎಂಟು ಪಾಯಿಂಟ್ ಆರು, ಅವರ ಬಾಯಲ್ಲಿ ಎಂಟೂ ಆರು. ಒಂದು ವಾರ ಎಂಟೂ ಐದು, ಇನ್ನೊಂದು ವಾರ ಎಂಟೂ ಏಳು, ಅಷ್ಟೇ. ಅವಳು ಆ ಹಾಳೆಗಳನ್ನು ದೊಡ್ಡ ಡಾಕ್ಟರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು, “ಇಷ್ಟು ಸ್ಥಿರವಾದ ಕೈ ನಾನು ನೋಡಿಲ್ಲ,” ಎಂದರು. ಈ ಹಾಳೆಗಳು ಯಾವ ಫೈಲಿಗೆ ಹೋಗುತ್ತಿದ್ದವು ಎನ್ನುವುದನ್ನು ನೆನಪಿಡಬೇಕು. ರೋಗಿಗಳಿಗೆ ಒಬ್ಬೊಬ್ಬರಿಗೂ ಒಂದು ನೀಲಿ ಫೈಲು ಇತ್ತು. ಟೈಲರ್ ರೋಗಿಯಲ್ಲವಲ್ಲ, ಅವನಿಗೆ ಫೈಲಿಲ್ಲ. ಅವನ ಅಳತೆ ಯಂತ್ರದ ಫೈಲಿನಲ್ಲಿ, ಗ್ಯಾರಂಟಿ ಕಾರ್ಡಿನ ಹಿಂದೆ ಕೂರುತ್ತಿತ್ತು. ರೋಗಿಯ ಸಂಖ್ಯೆ ಏರಿದರೆ ರೋಗಿಗೆ ಕಾಯಿಲೆ, ಗಂಡನ ಸಂಖ್ಯೆ ಏರಿದರೆ ಯಂತ್ರಕ್ಕೆ ಕಾಯಿಲೆ.

ಮೂರನೇ ವರ್ಷಕ್ಕೆ ಸಂಖ್ಯೆ ಒಂಬತ್ತೂ ಮೂರಾಯಿತು. ನಾಲ್ಕನೇ ವರ್ಷ ಹತ್ತು ದಾಟಿತು. ಬೇರೆ ಯಾರದ್ದೇ ಆಗಿದ್ದರೂ ಅವಳ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಇಲ್ಲಿ ಅವಳು ಪೆನ್ನಿನಂಥ ಸಾಧನವನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ತೊಡೆಯ ಪಟ್ಟಿ ಬದಲಿಸಿದಳು. ವೈರು ಬಿಚ್ಚಿ ಹಾಕಿದಳು. ಮಂಚದ ಕಾಲಿಗೆ ರಟ್ಟು ಕೊಟ್ಟು ಮಟ್ಟ ಮಾಡಿದಳು. ಬಿಪಿಯೂ ಪ್ರತಿ ವಾರ ಕೊಂಚ ಮೇಲೆಯೇ ಬರುತ್ತಿತ್ತು. “ಮೆಟ್ಟಿಲು ಹತ್ತಿ ಬಂದಿದ್ದೀನಲ್ಲ” ಎಂದು ಅವನು, “ಹೌದಲ್ಲ” ಎಂದು ಅವಳು. ಎಂಟು ಗಂಟೆಗೆ ಮೆಟ್ಟಿಲು ಹತ್ತಿದವನಿಗೆ ಹತ್ತು ನಿಮಿಷ ಮಲಗಿದ ಮೇಲೂ ಆ ಬಿಪಿ ಯಾಕೆ ಎಂದು ರೋಗಿಯ ವಿಷಯದಲ್ಲಾದರೆ ಅವಳೇ ಕೇಳುತ್ತಿದ್ದಳು.

ಐದನೇ ವರ್ಷ ಒಂದು ದಿನ ದೊಡ್ಡ ಡಾಕ್ಟರು ಯಂತ್ರದ ಫೈಲು ತಿರುವಿ ಹಾಕಿ, “ಏನಮ್ಮ, ನಿಮ್ಮ ಯಜಮಾನರು ಹನ್ನೊಂದೂ ಎರಡಾ? ಕೈ ನಡುಗ್ತಿದೆಯೇನು? ವಯಸ್ಸಾಗ್ತಿದೆ, ಬೇಕಾದ್ರೆ ಆ ಹೊಸ ಹುಡುಗಿಗೆ ಕಲಿಸಿಬಿಡಿ,” ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಅರ್ಧ ತಮಾಷೆಗೇ ಅಂದದ್ದು. ಆದರೆ ಅವಳಿಗೆ ಕೆಂಡ ತುಳಿದ ಹಾಗಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಕೈಯ ಮೇಲೆ ಬೆರಳು ತೋರಿಸಿದ್ದರು. ಅವರು ವಯಸ್ಸಾಗ್ತಿದೆ ಎಂದದ್ದು ಅವಳಿಗೆ. ಮಂಚದ ಮೇಲೆ ಮಲಗಿದವನಿಗೂ ವಯಸ್ಸಾಗುತ್ತಿದೆ ಎನ್ನುವುದು ಆ ಕೋಣೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಇದು ದಡ್ಡರು ಮಾಡುವ ತಪ್ಪಲ್ಲ. ವರ್ಷಗಟ್ಟಲೆ ಅಳತೆಯಲ್ಲೇ ಮುಳುಗಿದವರು ಮಾತ್ರ ಮಾಡಬಲ್ಲ ತಪ್ಪು.

ಅವತ್ತು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಟೇಪು ಹಾಸಿ ಗಂಡನನ್ನು ತರಾಟೆಗೆ ತಗೊಂಡಳು. “ನೀವು ಕೊಟ್ಟ ಟೇಪೇ ಸರಿಯಿಲ್ಲ. ಎಳೆದೂ ಎಳೆದೂ ಹಿಗ್ಗಿದೆ. ಅದಕ್ಕೇ ಸಂಖ್ಯೆ ಜಾಸ್ತಿ ಬರ್ತಿದೆ.”

ಟೈಲರ್ ತನ್ನ ಇನ್ನೊಂದು ಟೇಪು ತಂದು ಪಕ್ಕಕ್ಕಿಟ್ಟು ನೋಡಿದ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. “ನೋಡೇ, ಟೇಪು ಹಿಗ್ಗಿದ್ರೆ ಅಳತೆ ಕಡಿಮೆ ಬರುತ್ತೆ, ಜಾಸ್ತಿ ಬರಲ್ಲ. ಹಿಗ್ಗಿದ ಟೇಪಲ್ಲಿ ಹೊಲಿದ ಷರಟು ದೊಡ್ಡದಾಗುತ್ತೆ. ದೂರ ಕಡಿಮೆ ಅಂತ ಕೊಟ್ರೆ ನಿನ್ನ ಯಂತ್ರ ವೇಗಾನೂ ಕಡಿಮೇನೇ ಹೇಳ್ಬೇಕು ತಾನೇ? ಟೇಪು ಕೆಟ್ಟಿದೆ ಅಂದ್ರೆ, ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಇದೆ ಅಂತಾಯ್ತು.”

ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನ ಲೆಕ್ಕ, ತಪ್ಪುವ ಮಾತೇ ಇಲ್ಲ. ಅವನು ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದ. ಅವನಿಗೂ ಅದು ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. “ನೀವು ಗೌನು ಹೊಲೀರಿ, ನನ್ನ ಕೆಲಸದಲ್ಲಿ ಮೂಗು ತೂರಿಸಬೇಡಿ,” ಎಂದು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. ಅವನು ಮೂರು ಚಮಚ ಸಕ್ಕರೆ ಹಾಕಿಕೊಂಡು ಟೀ ಕಲಕುತ್ತ ಕೂತ.

ಮುಂದಿನ ವಾರ ಯಂತ್ರದ ಕಂಪನಿಯ ಎಂಜಿನಿಯರ್ ಬಂದ. ಯಂತ್ರದ ಹೊಟ್ಟೆ ಬಿಚ್ಚಿ ನೋಡಿ, “ಏನೂ ಆಗಿಲ್ಲ ಮೇಡಂ,” ಎಂದ. ಏನೂ ಆಗಿಲ್ಲ ಅಂದರೆ ಕೈಯೇ ಕೆಟ್ಟಿದೆ ಎಂದಾಯಿತು. ಅವಳ ಮುಖ ಸಣ್ಣದಾಯಿತು. ಅದನ್ನು ನೋಡಿ ಪಾಪ ಅನ್ನಿಸಿತೋ, ಊಟದ ಹೊತ್ತಾಗಿತ್ತೋ, ಅವನು ಮತ್ತೊಂದು ಸಲ ಗುಂಡಿಗಳನ್ನು ಒತ್ತುತ್ತ ಹೋಗಿ, “ಓ, ಇಲ್ಲೊಂದು ಆಫ್ ಆಗಿದೆ. ದೂರದಲ್ಲಿ ಐದರಲ್ಲೊಂದು ಪಾಲು ಇದೇ ಕಳೀಬೇಕು. ಆನ್ ಮಾಡಿದ್ದೀನಿ, ಈಗ ನೋಡಿ,” ಎಂದ. ಟೈಲರನ್ನು ಕೆಳಗಿನಿಂದ ಕರೆಸಿದರು. ಒಂಬತ್ತು. “ಸರಿಹೋಯ್ತಲ್ಲ,” ಎಂದು ಎಂಜಿನಿಯರ್ ಸಹಿ ಹಾಕಿಸಿಕೊಂಡು ಹೊರಟ.

ಆ ಪಾಲನ್ನು ತಾನು ಮೊದಲೇ ಕಳೆದೇ ಕೊಡುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಒಂದೇ ಪಾಲನ್ನು ಎರಡು ಸಲ ಕಳೆದಂತಾಯಿತು ಎಂಬುದೂ ಗೊತ್ತಾಗದೆ ಇರಲಿಲ್ಲ. ನಾಲಿಗೆ ತುದಿಯವರೆಗೂ ಬಂತು. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಾಗಿಲಲ್ಲಿ ತಲೆ ಹಾಕಿ, “ಒಂಬತ್ತಾ? ಹಾಗಾದ್ರೆ ನಿಮ್ಮ ಕೈಯದ್ದಲ್ಲ ತಪ್ಪು, ಕ್ಷಮಿಸಿ,” ಎಂದರು. ಅವಳು ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡಳು. ಎರಡು ಮೂರು ವಾರ ನೋಡಿ ಹೇಳಿದರಾಯಿತು ಅಂದುಕೊಂಡಳು. ದೊಡ್ಡ ಡಾಕ್ಟರ ಕ್ಷಮಾಪಣೆ ಅಷ್ಟು ರುಚಿಯಾಗಿತ್ತು, ಅದನ್ನು ಅಷ್ಟು ಬೇಗ ಉಗುಳಲು ಯಾರಿಗೆ ತಾನೇ ಮನಸ್ಸು ಬಂದೀತು?

ಎರಡು ಮೂರು ವಾರ ಹೋಗಿ ಹನ್ನೊಂದು ವಾರವಾಯಿತು. ಪ್ರತಿ ಶನಿವಾರ ಒಂಬತ್ತು, ಒಂಬತ್ತು, ಒಂಬತ್ತು. ರೋಗಿಗಳಿಗೂ ಒಳ್ಳೆಯ ಕಾಲ ಬಂದಂತಿತ್ತು; ಕೆಂಪು ಪೆನ್ನಿಗೆ ಕೆಲಸವೇ ಕಡಿಮೆ. “ಪರವಾಗಿಲ್ಲ, ಚೆನ್ನಾಗಿದೆ,” ಎಂದು ಅವಳು ಒಬ್ಬೊಬ್ಬರಿಗೂ ಹೇಳಿ ಕಳಿಸಿದಳು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಬಸ್‌ಸ್ಟಾಪಿಗೆ ನಡೆಯುವಾಗ ಟೈಲರ್ ನಿಂತುಬಿಟ್ಟ. ಎದೆಯ ಮೇಲೆ ಕೈಯಿಟ್ಟುಕೊಂಡು, “ಇಲ್ಲಿ ಬಿಗಿ ಅನ್ಸುತ್ತೆ ಕಣೇ. ನಡೆದ್ರೆ ಬರುತ್ತೆ, ನಿಂತ್ರೆ ಹೋಗುತ್ತೆ. ನಾಲ್ಕು ದಿನದಿಂದ ಹೀಗೇ,” ಎಂದ.

ಬೇರೆ ಯಾವ ಹೆಂಡತಿಯಾಗಿದ್ದರೂ ಹೆದರಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಇವಳು ತಿಳಿದವಳು. “ಮೊನ್ನೆ ಶನಿವಾರ ತಾನೇ ನೋಡಿದ್ದೀನಿ, ಒಂಬತ್ತಿದೆ. ನಿಮ್ಮ ನಾಳಕ್ಕೆ ಏನೂ ಆಗಿಲ್ಲ. ಗ್ಯಾಸಿರಬೇಕು, ಟೀ ಕಡಿಮೆ ಮಾಡಿ,” ಎಂದಳು. ಹೇಳುವಾಗ ಅವಳು ಅದನ್ನು ನಂಬಿದ್ದಳು. ತಾನೇ ತಿದ್ದಿಸಿದ ಸಂಖ್ಯೆಯನ್ನು ತಾನೇ ನಂಬುವಷ್ಟು ಮುಂದೆ ಹೋಗಿದ್ದಳು. ಅವನಂತೂ ಅವಳ ಕೈಯನ್ನು ದೇವರಿಗಿಂತ ಹೆಚ್ಚಾಗಿ ನಂಬಿದವನು, “ನೀನು ಹೇಳಿದ ಮೇಲೆ ಆಯ್ತು,” ಎಂದು ಬಸ್ಸು ಹತ್ತಿದ.

ಅದಾದ ಆರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಹೊಲಿಗೆ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತಿದ್ದವನು ಹಾಗೇ ಬಟ್ಟೆಯ ಮೇಲೆ ಮುಖವಿಟ್ಟ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದವರು ನಿದ್ದೆ ಎಂದುಕೊಂಡರು. ಎರಡು ಮಹಡಿ ಮೇಲೆ ಹೃದಯ ವಿಭಾಗ, ಅಲ್ಲಿ ಹೆಂಡತಿ, ಅಲ್ಲಿ ದೊಡ್ಡ ಡಾಕ್ಟರು; ಮೇಲೆ ತರುವಷ್ಟರಲ್ಲಿ ಮುಗಿದಿತ್ತು. ಐವತ್ತನಾಲ್ಕು ವಯಸ್ಸು. ಆಗ ತೆಗೆದ ರಕ್ತದಲ್ಲಿ ಸಕ್ಕರೆ ಮುನ್ನೂರರ ಮೇಲಿತ್ತು. ಐದು ವರ್ಷ ಪ್ರತಿ ವಾರ ಹೃದಯ ವಿಭಾಗದ ಮಂಚದ ಮೇಲೆ ಮಲಗಿದವನ ಒಂದು ತೊಟ್ಟು ರಕ್ತವನ್ನು ಅಲ್ಲಿ ಯಾರೂ ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ.

ನಾಲ್ಕನೇ ದಿನ ಅತ್ತೆ ಸೊಸೆಯ ಎದುರು ಕೂತು, “ಊರವರದ್ದೆಲ್ಲ ನಾಡಿ ಹಿಡಿದೆಯಲ್ಲಮ್ಮ, ನನ್ನ ಮಗನದ್ದು ಒಂದು ಸಲ ಹಿಡಿದು ನೋಡಬಾರದಾಗಿತ್ತಾ?” ಎಂದಳು. ಒಂದು ಸಲವಲ್ಲ, ಇನ್ನೂರ ನಲವತ್ತು ಸಲ ಹಿಡಿದಿದ್ದೇನೆ ಎಂದು ಅವಳು ಹೇಗೆ ಹೇಳಿಯಾಳು? ಅಳು ಸಹ ಬರಲಿಲ್ಲ, ನಾಚಿಕೆ ಬಂತು. ಗಂಡ ಸತ್ತ ಮನೆಯಲ್ಲಿ ದುಃಖಕ್ಕಿಂತ ಮೊದಲು ನಾಚಿಕೆ ಬಂದದ್ದನ್ನು ಅವಳು ತನಗೆ ತಾನೇ ಎಂದೂ ಕ್ಷಮಿಸಲಿಲ್ಲ.

ಹದಿನೈದು ದಿನದ ರಜೆ ಮುಗಿಸಿ ಬಂದವಳು ಮೊದಲು ಮಾಡಿದ ಕೆಲಸ, ಯಂತ್ರದ ಫೈಲು ತೆಗೆದದ್ದು. ಕೊನೆಯ ಹನ್ನೊಂದು ಹಾಳೆಗಳ ಲೆಕ್ಕವನ್ನು ಮತ್ತೆ ಹಾಕಿದಳು. ಒಂಬತ್ತುಗಳೆಲ್ಲ ಹನ್ನೊಂದೂ ಚಿಲ್ಲರೆಯಾದವು. ಕೈ ಒಂದು ಸಲವೂ ತಪ್ಪಿರಲಿಲ್ಲ. ಅವಳ ಜನ್ಮದಲ್ಲೇ ಅಷ್ಟು ಚೊಕ್ಕವಾದ ಅಳತೆ ಮಾಡಿದ್ದು ಅದೇ ಇರಬೇಕು.

ಫೈಲನ್ನು ಹಾಗೇ ಒಯ್ದು ದೊಡ್ಡ ಡಾಕ್ಟರ ಮುಂದಿಟ್ಟು, ಎರಡು ಸಲ ಕಳೆದದ್ದು, ತಾನು ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದಳು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದಳು. ತೆಗೆದರೆ ಹಗುರಾಗುತ್ತೇನೆ ಎಂದೂ ಅನ್ನಿಸಿತ್ತು. ಅವರು ಹಾಳೆಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಮೊದಲು ಅವರ ಮುಖ ಬಿಳಿಚಿಕೊಂಡಿತು. ನಿಜವಾಗಿಯೂ ನೊಂದರು. ಆಮೇಲೆ ನಿಧಾನವಾಗಿ ಆ ಮುಖದಲ್ಲಿ ಬೇರೆ ಏನೋ ಬಂತು.

“ಅಮ್ಮ, ಇದೇನು ಗೊತ್ತಾ?” ಎಂದರು ಮೆಲ್ಲಗೆ. “ಒಬ್ಬನೇ ಮನುಷ್ಯ, ಒಂದೇ ಕೈ, ಐದು ವರ್ಷ, ವಾರಾವಾರ. ಎಂಟೂ ಆರರಿಂದ ಹನ್ನೊಂದೂ ಎರಡು. ಆಮೇಲೆ ಹಾರ್ಟ್ ಅಟ್ಯಾಕು. ಮುಂಚೇನೇ ಗೊತ್ತಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇದನ್ನ ಸಮ್ಮೇಳನದಲ್ಲಿ ತೋರಿಸಬೇಕು. ನಿಮ್ಮ ಯಜಮಾನರ ಹೆಸರಿರಲ್ಲ. ನೀವೊಂದು ಒಪ್ಪಿಗೆ ಸಹಿ ಹಾಕಿದ್ರೆ ಸಾಕು.”

ಬದುಕಿದ್ದಾಗ ಗ್ಯಾರಂಟಿ ಕಾರ್ಡಿನ ಹಿಂದೆ ಕೂತಿದ್ದವನಿಗೆ ಸತ್ತ ಮೇಲೆ ಇಷ್ಟೊಂದು ಮರ್ಯಾದೆ. ಆದರೂ ಅವಳು ಎದ್ದು ಹೋಗಲಿಲ್ಲ. “ಹಾಕ್ತೀನಿ ಸಾರ್,” ಎಂದಳು. “ಆ ಹನ್ನೊಂದು ವಾರದಲ್ಲಿ ನಾನು ಚೆನ್ನಾಗಿದೆ ಅಂತ ಕಳಿಸಿದವರು ತೊಂಬತ್ತೇಳು ಜನ ಇದ್ದಾರೆ. ಮೊದಲು ಅವರನ್ನೆಲ್ಲ ವಾಪಸು ಕರೆಸಬೇಕು. ಆಮೇಲೆ ಸಹಿ.”

“ಕರೆಸಿದ್ರೆ ಯಾಕೆ ಅಂತ ಕೇಳ್ತಾರಲ್ಲಮ್ಮ.”

“ಹೇಳೋಣ ಸಾರ್. ನಾನೇ ಹೇಳ್ತೀನಿ.”

ಆ ಸಹಿ ಒಂದು ಅವಳ ಕೈಯಲ್ಲಿ ಇರದಿದ್ದರೆ ಆ ಜನ ವಾಪಸು ಬರುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಎಂಜಿನಿಯರ್ ಬಂದು ಆನ್ ಮಾಡಿದ್ದನ್ನು ಆಫ್ ಮಾಡಿ ಹೋದ. ಅವಳೇ ಕೂತು ಒಬ್ಬೊಬ್ಬರಿಗೂ ಫೋನು ಮಾಡಿದಳು. ಕೆಲವರು ಬೈದರು, ಕೆಲವರು ನಕ್ಕರು, ಒಬ್ಬ ಮುದುಕ “ಚೆನ್ನಾಗಿದೆ ಅಂದಿದ್ರಲ್ಲ ತಾಯಿ” ಎಂದು ಅತ್ತ. ತೊಂಬತ್ತೆರಡು ಜನ ಬಂದರು. ಉಳಿದ ಐವರಲ್ಲಿ ಮೂವರು ಊರು ಬಿಟ್ಟಿದ್ದರು. ಇಬ್ಬರ ಮನೆಯಲ್ಲಿ ಫೋನು ಎತ್ತಿದವರು, ತೀರಿಕೊಂಡರು ಎಂದರು. ಮತ್ತೆ ಅಳೆದಾಗ ಮೂವತ್ತೊಂದು ಫೈಲಿಗೆ ಕೆಂಪು ಗುರುತು ಬಿತ್ತು.

ಎಲ್ಲ ಮುಗಿದ ಮೇಲೆ ಅವಳು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡಳು. ಅವರು ಅಚ್ಚು ಹಾಕಿಸಿದ ಒಂದು ನಮೂನೆ ಮುಂದೆ ಸರಿಸಿದರು. ವಯಸ್ಸು, ಎತ್ತರ, ತೂಕ, ಸಂಬಂಧ. ಒಂದೊಂದಾಗಿ ತುಂಬಿದಳು, ಸಂಬಂಧ ಎಂಬಲ್ಲಿ ಹೆಂಡತಿ ಎಂದು ಬರೆದಳು. ಕೊನೆಯಲ್ಲಿ ಒಂದು ಸಾಲಿತ್ತು: ಅಪಾಯ ಕಂಡುಬಂದ ಮೇಲೆ ಕೈಗೊಂಡ ಕ್ರಮ. ಅದರ ಮುಂದೆ ಎರಡು ಬೆರಳಷ್ಟು ಜಾಗ. ಅವಳು ದುಂಡಗೆ ಬರೆದು, ಸಹಿ ಹಾಕಿ, ಹಾಳೆ ತಿರುಗಿಸಿ ಕೊಟ್ಟಳು.

ದೊಡ್ಡ ಡಾಕ್ಟರು ಓದಿದರು. ‘ಯಂತ್ರ ರಿಪೇರಿ ಮಾಡಿಸಲಾಯಿತು.’

“ಇದನ್ನ ಹೀಗೆ ಹಾಕಕ್ಕಾಗಲ್ಲ ಅಮ್ಮ,” ಎಂದರು, ಅವಳ ಮುಖ ನೋಡದೆ. “ಹೊಡೆದುಹಾಕಿ, ಏನೂ ಇಲ್ಲ ಅಂತ ಬರೀರಿ.”

“ಏನೂ ಇಲ್ಲ ಅಂದ್ರೆ ಸುಳ್ಳಾಗುತ್ತೆ ಸಾರ್. ಮಾಡಿದ್ದೀವಿ,” ಎಂದಳು ನಾಡಿ ಮೇಡಂ. “ನಮ್ಮ ಯಜಮಾನರು ಸರಿಯಾಗಿದ್ದಾರೆ ಅಂತ ಯಂತ್ರ ಹೇಳೋವರೆಗೂ ರಿಪೇರಿ ಮಾಡಿಸಿದ್ದೀವಿ.”